ನಾಯಿ ನಡುಗುತ್ತಿದ್ದರೆ ಗಿಡದ ಬುಡ ನೋಡಿ: ಬಸವನಹುಳುವಿನ ವಿಷ ತಿಂದ ಸಾಕುಪ್ರಾಣಿಯ ಲಕ್ಷಣ ಗುರುತಿಸುವುದು ಹೇಗೆ

ನಿಮ್ಮ ನಾಯಿಯೋ ಬೆಕ್ಕೋ ಈಗಲೇ ನಡುಗುತ್ತಿದ್ದರೆ, ಫಿಟ್ಸ್ ಬಂದಿದ್ದರೆ, ಇದನ್ನು ಓದುತ್ತಾ ಕೂರಬೇಡಿ. ವಿಷದ ಪ್ಯಾಕೆಟ್ ಕೈಗೆ ತಗೊಂಡು ಹತ್ತಿರದ ಪಶು ಆಸ್ಪತ್ರೆಗೆ ಹೊರಡಿ. ದಾರಿಯಲ್ಲೇ ಡಾಕ್ಟರಿಗೆ ಫೋನ್ ಮಾಡಿ. ಉಳಿದವರು ಮುಂದೆ ಓದಿ.

ಮೈಸೂರಿನಲ್ಲಿ ದಸರಾ ಹತ್ತಿರ ಬಂತು ಅಂದರೆ ಮನೆ ಮುಂದೆ ನಾಲ್ಕು ಕುಂಡ ಇಟ್ಟವರಿಗೂ ಒಂಥರಾ ಜ್ವರ. ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ, ಮನೆ ತೋಟದ ಸ್ಪರ್ಧೆ, ಚೆಂಡುಹೂವು, ಡೇಲಿಯಾ. ಅದೇ ಹೊತ್ತಿಗೆ ಮಳೆಯೂ ಇರುತ್ತದೆ. ರಾತ್ರಿ ನೆಟ್ಟ ಸಸಿ ಬೆಳಿಗ್ಗೆ ನೋಡಿದರೆ ಬರೀ ಕಡ್ಡಿ. ಕಾಂಪೌಂಡ್ ಗೋಡೆ ಮೇಲೆ ಬೆಳ್ಳಿ ಬಣ್ಣದ ಲೋಳೆ ಗೆರೆ. ಎರಡು ವರ್ಷದ ಹಿಂದೆ ನಾನೂ ಸಿಟ್ಟಿಗೆದ್ದು ಗೊಬ್ಬರದ ಅಂಗಡಿಗೆ ಹೋದೆ. "ಹುಳದ ಔಷಧಿ ಇದೆ ಸಾರ್, ಬುಡಕ್ಕೆ ಚೆಲ್ಲಿಬಿಡಿ" ಅಂತ ಒಂದು ಪ್ಯಾಕೆಟ್ ಕೊಟ್ಟರು. ವಿಷಕ್ಕೆ ಔಷಧಿ ಅನ್ನುವ ಅಭ್ಯಾಸ ನಮಗೆ ಎಷ್ಟು ಹಳೆಯದು ನೋಡಿ. ನಾನೂ ಹಾಗೇ ಅಂದುಕೊಂಡು ಚೆಲ್ಲಿದೆ.

ಸಂಜೆ ಏಳೂವರೆಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಹಾಲ್‌ನಲ್ಲಿ ಮಲಗಿದ್ದ ನಮ್ಮ ಕರಿಯ ವಿದ್ಯುತ್ ಹೊಡೆದವನ ಹಾಗೆ ನೆಗೆದು ಬಿದ್ದ. ಎರಡನೇ ಸೀಟಿಗೆ ನಾಲ್ಕೂ ಕಾಲು ಸೆಟೆದುಕೊಂಡವು. "ನೋಡ್ಲಾ, ಕರಿಯ ಹೆಂಗ್ ಅದುರ್ತಾವ್ನೆ" ಅಂತ ಅಮ್ಮ ಕೂಗಿದರು. ಆಟೋದಲ್ಲಿ ಹಾಕಿಕೊಂಡು ಓಡಿದೆವು. ಡಾಕ್ಟರು ಮೊದಲು ಕೇಳಿದ್ದು: "ಏನು ತಿಂದಿದೆ? ಪ್ಯಾಕೆಟ್ ತಂದಿದೀರಾ?" ತಂದಿರಲಿಲ್ಲ. ಪಕ್ಕದ ಮನೆ ಹುಡುಗ ಬೈಕಿನಲ್ಲಿ ಹೋಗಿ ಕಸದ ಬುಟ್ಟಿ ಕೆದಕಿ ಅದನ್ನು ತರುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಹೋಗಿತ್ತು. ಕರಿಯ ಉಳಿದ. ಆದರೆ ಆ ಇಪ್ಪತ್ತೈದು ನಿಮಿಷ ನನಗೆ ಇನ್ನೂ ಮರೆತಿಲ್ಲ.

ಮೊದಲು, ನೀವು ಹಾಕಿದ್ದು ಯಾವ ವಿಷ?

ಬಸವನಹುಳುವಿಗೆ ನಮ್ಮ ಕಡೆ ಹಾಕುವುದು ಒಂದೇ ವಿಷ ಅಲ್ಲ. ಒಂದೊಂದರ ಲಕ್ಷಣ ಬೇರೆ, ಚಿಕಿತ್ಸೆಯೂ ಬೇರೆ. ಅದಕ್ಕೇ ಖರ್ಚಿಲ್ಲದ ಮೊದಲ ಪರೀಕ್ಷೆ ನಾಯಿಯನ್ನಲ್ಲ, ಪ್ಯಾಕೆಟ್ಟನ್ನು ನೋಡುವುದು.

ಅಂಗಡಿಯ ರೆಡಿಮೇಡ್ ಕಾಳು ಸಾಮಾನ್ಯವಾಗಿ ಮೆಟಾಲ್ಡಿಹೈಡ್. ಪ್ಯಾಕೆಟ್ ಮೇಲೆ ಶೇ 2.5 ಅಂತ ಇರುತ್ತದೆ. ಹುಳು ಬರಲಿ ಅಂತ ಇದರಲ್ಲಿ ತೌಡಿನಂಥ ಧಾನ್ಯದ ಪುಡಿ, ಕೆಲವೊಮ್ಮೆ ಕಾಕಂಬಿಯನ್ನೂ ಸೇರಿಸಿರುತ್ತಾರೆ. ನೋಡೋಕೂ ನಾಯಿಯ ಪ್ಯಾಕೆಟ್ ಊಟದ ಹಾಗೇ ಇರುತ್ತದೆ. ಹುಳು ಬರುವ ಮುಂಚೆ ನಾಯಿ ಬರುವುದು ಅದಕ್ಕೇ.

ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ತೋಟಗಳಲ್ಲಿ ಜಾಸ್ತಿ ಕಾಣುವುದು ಮನೆಯಲ್ಲೇ ಕಲಸಿದ ವಿಷದ ಉಂಡೆ. ಅಕ್ಕಿ ತೌಡು, ಬೆಲ್ಲ, ಅದಕ್ಕೆ ಮೆಥೊಮಿಲ್ ಅಥವಾ ಕ್ಲೋರೋಪೈರಿಫಾಸ್ ಅನ್ನುವ ಕೀಟನಾಶಕ. ಒಂದೆರಡು ದಿನ ಹುಳಿ ಬರಿಸಿ ಬದುವಿನಲ್ಲಿ ಇಡುತ್ತಾರೆ. ಮೆಥೊಮಿಲನ್ನು ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿದೆ. ಆದರೂ ಹಳೇ ಡಬ್ಬ ಕೊಟ್ಟಿಗೆಯ ಅಟ್ಟದಲ್ಲಿ ಕೂತಿರುತ್ತದೆ, ಅಲ್ವಾ? ತೌಡು ಬೆಲ್ಲ ಅಂದರೆ ಹಸು, ಕುರಿಗೂ ಹಬ್ಬ. ಹಾಗಾಗಿ ಈ ಉಂಡೆ ನಾಯಿಗಷ್ಟೇ ಅಪಾಯ ಅಂದುಕೊಳ್ಳಬೇಡಿ.

ಮೂರನೆಯದು ಮೈಲುತುತ್ತ, ಕೆಲವು ಕಡೆ ಅದರ ಜೊತೆ ಹೊಗೆಸೊಪ್ಪಿನ ಕಷಾಯ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿಗೆ ಬರವಿಲ್ಲ, ಕಷಾಯ ಸುಲಭಕ್ಕೆ ಆಗುತ್ತದೆ. ಕಬ್ಬಿಣದ ಫಾಸ್ಫೇಟ್ ಇರುವ ಕಾಳೂ ಇದೆ. ಇವುಗಳಲ್ಲಿ ಅದೇ ಕಡಿಮೆ ಅಪಾಯದ್ದು. ಸ್ವಲ್ಪ ತಿಂದರೆ ವಾಂತಿ, ಭೇದಿಗೆ ನಿಲ್ಲುತ್ತದೆ. ಡಬ್ಬಿಗಟ್ಟಲೆ ತಿಂದರೆ ಅದೂ ಕಬ್ಬಿಣದ ವಿಷವೇ.

ಲಕ್ಷಣವೇ ಇಲ್ಲ, ಆದರೆ ಕಾಳು ಕಾಣೆ

ಎಲ್ಲಕ್ಕಿಂತ ಒಳ್ಳೆಯ ಸ್ಥಿತಿ ಇದು, ಜನ ಎಲ್ಲಕ್ಕಿಂತ ಜಾಸ್ತಿ ಹಾಳು ಮಾಡಿಕೊಳ್ಳುವ ಸ್ಥಿತಿಯೂ ಇದೇ. "ಆರಾಮಾಗಿ ಆಡ್ತಿದೆಯಲ್ಲ, ನೋಡೋಣ" ಅಂತ ಕಾಯುತ್ತಾರೆ.

ಕಾಯಬೇಡಿ. ಮೆಟಾಲ್ಡಿಹೈಡ್ ತಿಂದ ನಾಯಿಗೆ ಲಕ್ಷಣ ಶುರುವಾಗೋಕೆ ಅರ್ಧ ಗಂಟೆಯೂ ಸಾಕು. ಸಾಮಾನ್ಯವಾಗಿ ಒಂದರಿಂದ ಮೂರು ಗಂಟೆ, ಕೆಲವೊಮ್ಮೆ ಐದು. ವಿಷ ಇನ್ನೂ ಹೊಟ್ಟೆಯಲ್ಲಿದ್ದಾಗ, ನಾಯಿ ಸರಿಯಾಗಿ ನಿಂತಿದ್ದಾಗ ಮಾತ್ರ ಡಾಕ್ಟರು ಸಲೀಸಾಗಿ ವಾಂತಿ ಮಾಡಿಸಬಹುದು. ನಡುಕ ಶುರುವಾದ ಮೇಲೆ ಆ ಬಾಗಿಲು ಮುಚ್ಚಿತು. ಆಗ ಮಂಪರು ಕೊಟ್ಟು, ಗಂಟಲಿಗೆ ಟ್ಯೂಬ್ ಹಾಕಿ ಹೊಟ್ಟೆ ತೊಳೆಯಬೇಕು.

ಹೊರಡುವ ಮುಂಚೆ ಎರಡು ನಿಮಿಷದಲ್ಲಿ ಮಾಡಬಹುದಾದ ಕೆಲಸ ಇಷ್ಟು: ಪ್ಯಾಕೆಟ್‌ನಲ್ಲಿ ಎಷ್ಟು ಉಳಿದಿದೆ, ಬುಡದಲ್ಲಿ ಎಷ್ಟು ಉಳಿದಿದೆ ನೋಡಿ, ಎಷ್ಟು ಹೋಗಿರಬಹುದು ಅಂತ ಅಂದಾಜು ಹಾಕಿ. ಶೇ 2.5ರ ಕಾಳು ಅಂದರೆ ಒಂದು ಗ್ರಾಂನಲ್ಲಿ 25 ಮಿಲಿಗ್ರಾಂ ವಿಷ. ನಾಯಿಯ ತೂಕದ ಪ್ರತಿ ಕಿಲೋಗೆ 100 ಮಿಲಿಗ್ರಾಂ ಹೋದರೆ ಪ್ರಾಣಕ್ಕೇ ಬರುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ. ಹತ್ತು ಕಿಲೋ ನಾಯಿಗೆ ಅದು ಸುಮಾರು 40 ಗ್ರಾಂ ಕಾಳು. ಮೂರ್ನಾಲ್ಕು ದೊಡ್ಡ ಚಮಚ ಅಷ್ಟೇ. ನಡುಕ ಬರೋಕೆ ಅಷ್ಟೂ ಬೇಕಿಲ್ಲ, ಇದಕ್ಕಿಂತ ತುಂಬಾ ಕಡಿಮೆ ಸಾಕು. ಲೆಕ್ಕ ಡಾಕ್ಟರಿಗೆ ಹೇಳೋಕೆ ಅಷ್ಟೇ. "ಸ್ವಲ್ಪ ತಾನೇ ತಿಂದಿರೋದು" ಅಂತ ಮನೆಯಲ್ಲಿ ಉಳಿಯೋಕಲ್ಲ.

ಜೊಲ್ಲು, ವಾಂತಿ, ಕೂತಲ್ಲಿ ಕೂರದ ಚಡಪಡಿಕೆ

ಇದು ಶುರುವಿನ ಲಕ್ಷಣ. ಒಂದು ಕೋಣೆಯಿಂದ ಇನ್ನೊಂದಕ್ಕೆ ಸುಮ್ನೆ ಓಡಾಡುತ್ತದೆ, ಏದುಸಿರು ಬಿಡುತ್ತದೆ, ಎದೆ ಡವಡವ. ಮೊದಲು ವಾಂತಿ ನೋಡಿ. ಕೈಯಲ್ಲಿ ಮುಟ್ಟಬೇಡಿ, ಕಡ್ಡಿಯಿಂದ ಕೆದಕಿ. ಬಣ್ಣದ ಕಾಳು, ತೌಡು ಕಂಡರೆ ಅನುಮಾನವೇ ಇಲ್ಲ. ನೀಲಿ-ಹಸಿರು ನೀರು ಬಂದರೆ ಮೈಲುತುತ್ತವೂ ಇರಬಹುದು. ಸ್ವಲ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿಕೊಳ್ಳಿ, ಡಾಕ್ಟರಿಗೆ ಬೇಕಾಗುತ್ತದೆ. ಮೂಗಿನ ಹತ್ತಿರ ಇಟ್ಟು ಮೂಸಬೇಡಿ. ತಿಂದಿದ್ದು ಇಲಿ ಪಾಷಾಣವಾಗಿದ್ದರೆ, ಅದರಲ್ಲಿ ಜಿಂಕ್ ಫಾಸ್ಫೈಡ್ ಇದ್ದರೆ, ವಾಂತಿಯಿಂದ ಏಳುವ ಗ್ಯಾಸ್ ನಿಮಗೇ ತೊಂದರೆ ಕೊಡುತ್ತದೆ.

ಇಲ್ಲಿ ಒಂದು ಗೊಂದಲ ಆಗುತ್ತದೆ. ಮಳೆಗಾಲದ ರಾತ್ರಿ ನೆಲಗಪ್ಪೆಯೂ ಬಸವನಹುಳುವೂ ಒಟ್ಟಿಗೇ ಹೊರಗೆ ಬರುತ್ತವೆ. ಮೈಮೇಲೆ ಗುಳ್ಳೆ ಇರುವ ಕಪ್ಪೆಯನ್ನು ಬಾಯಲ್ಲಿ ಕಚ್ಚಿದ ನಾಯಿ ಕೂಡ ನೊರೆ ನೊರೆ ಜೊಲ್ಲು ಸುರಿಸುತ್ತದೆ. ಆದರೆ ಅದು ಕಚ್ಚಿದ ಕೆಲವೇ ನಿಮಿಷದಲ್ಲಿ ಆಗುತ್ತದೆ, ಒಸಡು ಕೆಂಪಾಗುತ್ತದೆ, ಪಂಜದಿಂದ ಬಾಯಿ ಉಜ್ಜಿಕೊಳ್ಳುತ್ತದೆ. ನಾಯಿ ಎಚ್ಚರವಾಗಿದ್ದು ಸರಿಯಾಗಿ ನುಂಗುತ್ತಿದ್ದರೆ, ತಲೆ ಕೆಳಕ್ಕೆ ಬಾಗಿಸಿ, ನೀರು ಗಂಟಲಿಗೆ ಹೋಗದ ಹಾಗೆ ಬಾಯಿಯನ್ನು ಪಕ್ಕದಿಂದ ತೊಳೆಯಬಹುದು. ಡಾಕ್ಟರಿಗೆ ತೋರಿಸಲೇಬೇಕು, ಎದೆಬಡಿತ ಏರುಪೇರಾಗಬಹುದು.

ಹೊಗೆಸೊಪ್ಪಿನ ಕಷಾಯ ಕುಡಿದಿದ್ದರೂ ಇಷ್ಟೇ ಬೇಗ ವಾಂತಿ, ನಡುಕ ಶುರು. ಬಕೆಟ್‌ನಲ್ಲಿ ಕಷಾಯ ಕಡಿಮೆಯಾಗಿದೆಯಾ ನೋಡಿ.

ಕುಡಿದವರ ಹಾಗೆ ಓಲಾಟ, ಸದ್ದಿಗೆ ಬೆಚ್ಚುವುದು

ನನಗೆ ಗೊತ್ತಾಗದೇ ಹೋದದ್ದು ಈ ಹಂತ. ಕರಿಯ ಆರೂವರೆಗೇ ಹಿಂಗಾಲು ಎಳೆಯುತ್ತಿದ್ದ. ಆಡಿ ಸುಸ್ತಾಗಿದೆ ಅಂದುಕೊಂಡೆ. ಮೆಟಾಲ್ಡಿಹೈಡ್ ಮಿದುಳಿನಲ್ಲಿ ನರಗಳನ್ನು ಶಾಂತವಾಗಿಡುವ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಬ್ರೇಕ್ ಇಲ್ಲದ ಗಾಡಿ ಹಾಗಾಗುತ್ತದೆ ಮೈ. ಕುಕ್ಕರ್ ಸೀಟಿ, ಗೇಟಿನ ಸದ್ದು, ಟ್ಯೂಬ್‌ಲೈಟ್ ಹಾಕಿದ್ದು, ಪ್ರೀತಿಯಿಂದ ಮೈ ಸವರಿದ್ದು, ಯಾವುದಾದರೂ ಸಾಕು ನಡುಕ ಏರೋಕೆ.

ಪರೀಕ್ಷೆ ಮಾಡೋಕೆ ಅಂತ ಚಪ್ಪಾಳೆ ತಟ್ಟಬೇಡಿ. ದೂರದಿಂದ ಕಣ್ಣು ನೋಡಿ. ಕಣ್ಣುಗುಡ್ಡೆ ಅಕ್ಕಪಕ್ಕ ಪಟಪಟ ಅಂತ ತಾನಾಗೇ ಓಡುತ್ತಿದ್ದರೆ, ಬೆಕ್ಕಿನಲ್ಲಿ ಇದು ಎದ್ದು ಕಾಣುತ್ತದೆ, ವಿಷ ತಲೆಗೇರಿದೆ ಅಂತ ಅರ್ಥ. ಬೆಕ್ಕು ಕಾಳು ತಿನ್ನುವುದು ಕಡಿಮೆ. ಆದರೆ ಪುಡಿ ಹಾಕಿದ ಮಣ್ಣಿನಲ್ಲಿ ಓಡಾಡಿ ಆಮೇಲೆ ಕಾಲು ನೆಕ್ಕುತ್ತದೆ. ಬೆಕ್ಕಿನ ಪಾದಕ್ಕೆ ಪುಡಿ ಅಂಟಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಮನೆಯ ಸದ್ದು ನಿಲ್ಲಿಸಿ, ಲೈಟ್ ಕಡಿಮೆ ಮಾಡಿ, ಒಬ್ಬರು ಮಾತ್ರ ಹತ್ತಿರ ಇರಿ. ಹತ್ತು ನಿಮಿಷದೊಳಗೆ ಮನೆ ಬಿಡಿ.

ಎಡೆಬಿಡದ ನಡುಕ, ಫಿಟ್ಸ್, ಕಾದ ಹೆಂಚಿನಂಥ ಮೈ

ಇಲ್ಲಿಂದ ಮುಂದೆ ಮನೆಯಲ್ಲಿ ಮಾಡುವಂಥ ಪರೀಕ್ಷೆ ಯಾವುದೂ ಇಲ್ಲ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಗಂಟೆಗಟ್ಟಲೆ ಸ್ನಾಯು ಅದುರಿದರೆ ಅದು 106, 108 ದಾಟುತ್ತದೆ. ಆ ಬಿಸಿಯೇ ಒಳಗಿನ ಅಂಗಗಳನ್ನು ಬೇಯಿಸಿಬಿಡುತ್ತದೆ. ಎಷ್ಟೋ ನಾಯಿಗಳು ಸಾಯುವುದು ವಿಷದ ಜೊತೆ ಈ ಬಿಸಿಯಿಂದ.

ಕಂಬಳಿಯಲ್ಲಿ ಸುತ್ತಬೇಡಿ. ನಡುಗುತ್ತಿದೆ, ಚಳಿ ಇರಬೇಕು ಅಂತ ಅಮ್ಮ ಕರಿಯನಿಗೆ ಶಾಲು ಹೊದಿಸಿದ್ದರು, ಡಾಕ್ಟರು ಅದನ್ನೇ ಮೊದಲು ತೆಗೆದರು. ತೆಳು ಬೆಡ್‌ಶೀಟನ್ನು ಜೋಳಿಗೆ ಮಾಡಿ ಎತ್ತಿ. ಮೈ ತುಂಬಾ ಬಿಸಿಯಿದ್ದರೆ ಹೊಟ್ಟೆ, ತೊಡೆಸಂದು, ಪಾದಕ್ಕೆ ನಲ್ಲಿ ನೀರಿನ ಒದ್ದೆ ಬಟ್ಟೆ ಹಾಕಿ, ಆಟೋದಲ್ಲಿ ಗಾಳಿ ಆಡಲಿ. ಐಸ್ ನೀರು ಬೇಡ. ಥರ್ಮಾಮೀಟರ್ ಇದ್ದರೆ 103ಕ್ಕೆ ಇಳಿದ ಕೂಡಲೇ ತಣಿಸುವುದು ನಿಲ್ಲಿಸಿ. ಫಿಟ್ಸ್ ಬಂದಾಗ ಬಾಯಿಗೆ ಚಮಚ, ಬೆರಳು ಏನೂ ಹಾಕಬೇಡಿ. ಕೀಲಿಕೈ ಹಿಡಿಸೋದರಿಂದ ಏನೂ ಉಪಯೋಗ ಇಲ್ಲ.

ಕಣ್ಣೀರು, ಉಚ್ಚೆ, ಭೇದಿ ಎಲ್ಲ ಒಟ್ಟಿಗೆ

ಜೊಲ್ಲಿನ ಜೊತೆ ಕಣ್ಣಿಂದ ನೀರು, ತಡೆಯಿಲ್ಲದ ಉಚ್ಚೆ, ಭೇದಿ, ಎದೆಯಲ್ಲಿ ಗೊರಗೊರ ಸದ್ದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದು. ಹೀಗಿದ್ದರೆ ತೌಡಿನ ಉಂಡೆಯ ಮೇಲೆ ಅನುಮಾನ ಪಡಿ. ಮೆಟಾಲ್ಡಿಹೈಡ್‌ನಲ್ಲಿ ಪಾಪೆ ಸಾಮಾನ್ಯವಾಗಿ ಅರಳಿರುತ್ತದೆ. ವ್ಯತ್ಯಾಸ ಇಷ್ಟೇ ಅಲ್ಲ. ಮೆಥೊಮಿಲ್, ಕ್ಲೋರೋಪೈರಿಫಾಸ್‌ಗೆ ಅಟ್ರೋಪಿನ್ ಅನ್ನುವ ಮದ್ದು ಇದೆ, ಸರಿಯಾದ ಹೊತ್ತಿಗೆ ಕೊಟ್ಟರೆ ಕೆಲಸ ಮಾಡುತ್ತದೆ. ಮೆಟಾಲ್ಡಿಹೈಡ್‌ಗೆ ಅಂಥ ನೇರ ಮದ್ದು ಯಾವುದೂ ಇಲ್ಲ. ನಡುಕ ನಿಲ್ಲಿಸೋಕೆ ಔಷಧಿ, ಡ್ರಿಪ್, ಮೈ ತಣಿಸುವುದು, ಇಷ್ಟನ್ನೇ ಹಿಡಿದು ಒಂದೆರಡು ದಿನ ಕಾಯಬೇಕು. ಡಾಕ್ಟರು ಪ್ಯಾಕೆಟ್ ಕೇಳುವುದು ಇದಕ್ಕೇ. ಉಂಡೆ ನೀವೇ ಕಲಸಿದ್ದಾದರೆ ಯಾವ ಡಬ್ಬದಿಂದ ಹಾಕಿದ್ದು ಅಂತ ನಾಚಿಕೊಳ್ಳದೆ ಹೇಳಿ. ಪಕ್ಕದ ತೋಟದವರದ್ದಾದರೆ ಜಗಳ ನಾಳೆ ಮಾಡಿ, ಇವತ್ತು ಹೆಸರು ಮಾತ್ರ ಕೇಳಿ.

ಈ ವಿಷ ಚರ್ಮದಿಂದಲೂ ಒಳಗೆ ಹೋಗುತ್ತದೆ. ಜೊಲ್ಲು, ವಾಂತಿ ಮುಟ್ಟುವಾಗ ಗ್ಲೌಸ್ ಹಾಕಿ. ಇಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳಿ. ನಿಮಗೇ ತಲೆಸುತ್ತು, ಬೆವರು, ಮಂಜು ಕಣ್ಣು ಬಂದರೆ 108ಕ್ಕೆ ಕರೆ ಮಾಡಿ. ಮಗು ಬಾಯಿಗೆ ಹಾಕಿಕೊಂಡಿದೆ ಅಂತ ಅನುಮಾನ ಬಂದರೂ ಅಷ್ಟೇ, ಲಕ್ಷಣಕ್ಕೆ ಕಾಯಬೇಡಿ.

ಹಸು, ಕುರಿ, ಮೇಕೆ ಉಂಡೆ ತಿಂದು ಜೊಲ್ಲು ಸುರಿಸುತ್ತಾ ಓಲಾಡುತ್ತಿದ್ದರೆ ಹೊತ್ತುಕೊಂಡು ಹೋಗೋಕಂತೂ ಆಗಲ್ಲ. 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸೆ ಗಾಡಿಗೆ ಕೇಳಿ. ಜೊತೆಗೆ ನಿಮ್ಮೂರಿನ ದನದ ಡಾಕ್ಟರಿಗೂ ಹೇಳಿ.

ಚೇತರಿಸಿಕೊಂಡಿತು, ಎರಡು ದಿನದ ಮೇಲೆ ಮತ್ತೆ ಮಂಕು

ನಡುಕ ನಿಂತು ಮನೆಗೆ ಬಂದ ಮೇಲೆ ಊಟ ಬಿಟ್ಟರೆ, ಕಣ್ಣಿನ ಬಿಳಿ ಅಥವಾ ಒಸಡು ಹಳದಿಯಾದರೆ ಮತ್ತೆ ಹೋಗಿ. ಎರಡು ಮೂರು ದಿನದ ಮೇಲೆ ಲಿವರ್‌ಗೆ ಪೆಟ್ಟು ಬೀಳುವುದುಂಟು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ವಿಷದ ಹಾಗೇ ಕಾಣುವ ಬೇರೆ ಕಾಯಿಲೆಗಳು

ಫಿಟ್ಸ್ ಒಂದೆರಡು ನಿಮಿಷ ಬಂದು ನಿಂತು, ಸ್ವಲ್ಪ ಹೊತ್ತಿನಲ್ಲಿ ನಾಯಿ ಮೊದಲಿನ ಹಾಗಾದರೆ, ಹಿಂದೆಯೂ ಹೀಗೆ ಆಗಿದ್ದರೆ, ಮೂರ್ಛೆ ರೋಗ ಇರಬಹುದು. ವಿಷದ ನಡುಕ ಮಧ್ಯೆ ಪೂರ್ತಿ ನಿಲ್ಲುವುದಿಲ್ಲ. ಹಲವು ದಿನದಿಂದ ಕಣ್ಣು ಮೂಗು ಸೋರಿ, ಜ್ವರ ಬಂದು, ಆಮೇಲೆ ಒಂದು ಕಾಲೋ ದವಡೆಯೋ ಮಾತ್ರ ಪುಟಪುಟ ಅದುರುತ್ತಿದ್ದರೆ ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆ ನೆನಪಿರಲಿ. ಮರಿ ಹಾಕಿ ಮೂರು ನಾಲ್ಕು ವಾರ ಆಗಿರುವ, ಹಾಲು ಕುಡಿಸುತ್ತಿರುವ ಹೆಣ್ಣುನಾಯಿ ನಡುಗಿದರೆ ಕ್ಯಾಲ್ಸಿಯಂ ಇಳಿದಿರಬಹುದು. ಅದಕ್ಕೂ ಮೈ ಸುಡುತ್ತದೆ, ಅದೂ ತುರ್ತೇ.

ಹುಚ್ಚುನಾಯಿ ರೋಗದ ವಿಷಯದಲ್ಲಿ ಮಾತ್ರ ಧೈರ್ಯ ತೋರಿಸಬೇಡಿ. ಬೀದಿನಾಯಿ, ಲಸಿಕೆ ಹಾಕಿಸಿದ ದಾಖಲೆ ಇಲ್ಲ, ಸ್ವಭಾವ ಬದಲಾಗಿದೆ, ಜೊಲ್ಲು ಸುರಿಸುತ್ತಿದೆ, ನುಂಗೋಕೆ ಆಗುತ್ತಿಲ್ಲ ಅಂದರೆ ಹತ್ತಿರ ಹೋಗಬೇಡಿ. "ಗಂಟಲಲ್ಲಿ ಮೂಳೆ ಸಿಕ್ಕಿದೆ" ಅಂತ ಬಾಯಿಗೆ ಕೈ ಹಾಕಿದವರ ಕಥೆ ಎಲ್ಲ ಊರಲ್ಲೂ ಇದೆ. ಕಚ್ಚಿದ್ದರೆ, ಗಾಯಕ್ಕೆ ಜೊಲ್ಲು ತಾಗಿದ್ದರೆ, ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತಗೊಳ್ಳಿ.

ಮನೆಮದ್ದು ಅಂತ ಇವನ್ನು ಮಾಡಬೇಡಿ

ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮಲ್ಲಿ ಮಾಮೂಲು. ವಾಂತಿ ಆಗದಿದ್ದರೆ ಆ ಉಪ್ಪೇ ಇನ್ನೊಂದು ವಿಷ. ಹಾಲು, ಮಜ್ಜಿಗೆ, ಹುಣಸೆ ನೀರು, ಮೊಟ್ಟೆ, ಎಣ್ಣೆ ಯಾವುದೂ ಬೇಡ. ಓಲಾಡುತ್ತಿರುವ ನಾಯಿಯ ಬಾಯಿಗೆ ಏನು ಸುರಿದರೂ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಒಲೆಯ ಇದ್ದಿಲಿನ ಪುಡಿ, ವಿಷ ಹೀರೋಕೆ ಆಸ್ಪತ್ರೆಯಲ್ಲಿ ಕೊಡುವ ಇದ್ದಿಲಲ್ಲ. ಮನೆಯಲ್ಲಿರುವ ನಿದ್ದೆ ಮಾತ್ರೆಯೂ ಬೇಡ.

ಮತ್ತೆ ಆಗದ ಹಾಗೆ

ನಮ್ಮ ಗಿಡ ತಿನ್ನುವ ಆ ದೊಡ್ಡ ಬಸವನಹುಳು ಈ ನೆಲದ್ದಲ್ಲ. ಪೂರ್ವ ಆಫ್ರಿಕದ್ದು. 1847ರಲ್ಲಿ ವಿಲಿಯಂ ಬೆನ್ಸನ್ ಅನ್ನುವವರು ಮಾರಿಷಸ್‌ನಿಂದ ತಂದು ಕಲ್ಕತ್ತದ ಒಂದು ತೋಟದಲ್ಲಿ ಬಿಟ್ಟರು. ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುವ ಹುಳುವನ್ನು ಒಂದು ಪ್ಯಾಕೆಟ್ ಕಾಳಿನಿಂದ ಮುಗಿಸುತ್ತೇನೆ ಅಂತ ನಾನು ಹೊರಟಿದ್ದೇ ತಪ್ಪು. ಬ್ರಿಟನ್‌ನಲ್ಲಿ 2022ರಿಂದ ಮೆಟಾಲ್ಡಿಹೈಡ್ ಕಾಳನ್ನು ಬಯಲಲ್ಲಿ ಬಳಸುವಂತೆಯೇ ಇಲ್ಲ. ಹಕ್ಕಿ, ಕಾಡುಪ್ರಾಣಿಗಳಿಗೆ ಅಪಾಯ ಅನ್ನುವುದು ಕಾರಣ.

ಹಾಕಲೇಬೇಕು ಅಂದರೆ ನಾಯಿ ಮೂತಿ ತೂರದಷ್ಟು ಸಣ್ಣ ಪಿವಿಸಿ ಪೈಪಿನ ತುಂಡಿನೊಳಗೆ ಇಟ್ಟು, ಪೈಪನ್ನು ಅಲುಗದ ಹಾಗೆ ಕಟ್ಟಿ. ರಾಶಿ ಹಾಕಬೇಡಿ. ಬೆಳಿಗ್ಗೆ ಉಳಿದದ್ದನ್ನು, ಸತ್ತ ಹುಳುಗಳನ್ನು ಎತ್ತಿ ಹೂಳಿ, ಕೋಳಿ, ಬಾತು ಕುಕ್ಕದ ಹಾಗೆ. ಪ್ಯಾಕೆಟ್ ಎಸೆಯಬೇಡಿ. ನಮ್ಮನೆಯಲ್ಲಿ ಈಗ ಅಂಥ ಖಾಲಿ ಪ್ಯಾಕೆಟ್‌ಗಳ ಫೋಟೋ ಫೋನಿನಲ್ಲಿ ಇದೆ, ಅಮ್ಮನ ಫೋನಿನಲ್ಲೂ ಇದೆ.

ಕಾಳು ಮಾತ್ರ ನಾನು ಬಿಟ್ಟೆ. ಸಂಜೆ ಗೋಣಿಚೀಲ ನೆನೆಸಿ ಪಪ್ಪಾಯಿ ಸಿಪ್ಪೆ, ಕೋಸಿನ ಎಲೆ ಮೇಲೆ ಹೊದಿಸುತ್ತೇನೆ. ಬೆಳಿಗ್ಗೆ ಆರಕ್ಕೆ ಎತ್ತಿದರೆ ಅಡಿಯಲ್ಲಿ ಮೂವತ್ತು ನಲವತ್ತು ಹುಳು ಗುಂಪಾಗಿರುತ್ತವೆ. ಗ್ಲೌಸ್ ಹಾಕಿಯೇ ಆರಿಸಬೇಕು, ಈ ಹುಳುವಿನಿಂದ ಮನುಷ್ಯರ ಮಿದುಳಿಗೆ ಹೋಗುವ ಪರಾವಲಂಬಿ ಹುಳ ಹರಡಬಹುದು. ಆರಿಸಿದ್ದನ್ನು ಮುಚ್ಚಳ ಇರುವ ಬಕೆಟ್‌ನ ಉಪ್ಪು ನೀರಿಗೆ ಹಾಕಿ, ಆಮೇಲೆ ಗಿಡದಿಂದ ದೂರ ಹೂಳುತ್ತೇನೆ. ಮಣ್ಣು ಕೆದಕುವಾಗ ಬಟಾಣಿಯಷ್ಟು ದಪ್ಪದ ಹಳದಿ-ಬಿಳಿ ಮೊಟ್ಟೆ ಸಿಕ್ಕರೆ ಅವನ್ನೂ ಅದೇ ಬಕೆಟ್‌ಗೆ. ಅಷ್ಟು ಹೊತ್ತು ಕರಿಯನನ್ನು ಗೇಟಿನ ಒಳಗೆ ಕಟ್ಟಿರುತ್ತೇನೆ. ಬಕೆಟ್ ಕಂಡರೆ ಅವನಿಗೆ ಇನ್ನೂ ಅದರಲ್ಲಿ ತಿನ್ನೋದು ಏನೋ ಇದೆ ಅಂತಲೇ.